ಬಳ್ಳಾರಿಯ ಬಿಸಿಲು, ಬಿಡದಿಯ ನೀರು

ಏಪ್ರಿಲ್ ತಿಂಗಳು ಮೊದಲಾಯಿತೆಂದರೆ ಬಳ್ಳಾರಿಯಿಂದ ರಾತ್ರಿ ಹೊರಡುವ ಬೆಂಗಳೂರು ಬಸ್ಸುಗಳಲ್ಲಿ ಹೊಸ ಬಗೆಯ ಪ್ರಯಾಣಿಕರು ಕಾಣಿಸಿಕೊಳ್ಳುತ್ತಾರೆ. ಪರೀಕ್ಷೆ ಮುಗಿಸಿದ ಮಕ್ಕಳು, ಅವರ ಚೀಲಗಳಲ್ಲಿ ಹೊಸದಾಗಿ ಕೊಂಡ ಈಜುಡುಗೆ, ಅವರೊಂದಿಗೆ ಎರಡು ದಿನ ಅಂಗಡಿಗೆ ಬೀಗ ಹಾಕಿ ಬಂದ ತಂದೆ, ಬುತ್ತಿ ಕಟ್ಟಿಕೊಂಡ ತಾಯಿ. ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಪ್ರಯಾಣ ಮುಗಿಸಿ ಇವರು ತಲುಪುವುದು ಮೈಸೂರು ರಸ್ತೆಯ ಬಿಡದಿಯನ್ನು. 2005ರಲ್ಲಿ ಅಲ್ಲಿ ಬಾಗಿಲು ತೆರೆದ ವಂಡರ್‌ಲಾ ಇಂದು ರಾಜ್ಯದ ಮಕ್ಕಳೆಲ್ಲರ ಬಾಯಲ್ಲಿರುವ ಹೆಸರು. ಮೈಸೂರಿನ ಜಿಆರ್‌ಎಸ್ ಉದ್ಯಾನಕ್ಕೆ ಹೋಗುವವರೂ ಉಂಟು, ಹೈದರಾಬಾದಿನ ದಾರಿ ಹಿಡಿಯುವವರೂ ಉಂಟು. ಒಂದು ಹಗಲನ್ನು ನೀರಿನಲ್ಲಿ ಕಳೆದು, ಕಣ್ಣು ಕೆಂಪಗೆ ಮಾಡಿಕೊಂಡು, ಮತ್ತೆ ರಾತ್ರಿ ಬಸ್ಸು ಹತ್ತಿ, ಬೆಳಗಾಗುವಷ್ಟರಲ್ಲಿ ಅದೇ ಬಿಸಿಲಿನ ಊರಿಗೆ ಮರಳುತ್ತಾರೆ.

ಪರಿಸರ ಚಿಂತಕರ ವಲಯದಲ್ಲಿ ಇಂತಹ ಪ್ರವಾಸವನ್ನು ಕಂಡು ನಗುವುದು ರೂಢಿಯಾಗಿದೆ. ಕೃತಕ ಅಲೆ, ಪ್ಲಾಸ್ಟಿಕ್ ಜಾರುಬಂಡೆ, ಕ್ಲೋರಿನ್ ವಾಸನೆಯ ಕೊಳ, ಇವುಗಳಲ್ಲಿ ಏನು ಸುಖವಿದೆ ಎಂದು ಮಲೆನಾಡಿನ ಹೊಳೆದಂಡೆಯಲ್ಲಿ ಕುಳಿತು ಕೇಳುವುದು ಸುಲಭ. ಆದರೆ ಈ ಪ್ರಶ್ನೆಯನ್ನು ಕೇಳುವ ಅರ್ಹತೆ ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಬಳ್ಳಾರಿಯ ಕೋಟೆಗುಡ್ಡದ ಬುಡದಲ್ಲಿ ಅರ್ಧ ಗಂಟೆ ನಿಂತವರಿಗೆ ಮಾತ್ರ ಇರುತ್ತದೆ. ಬಳ್ಳಾರಿಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಹಾಸ್ಯೋಕ್ತಿಯನ್ನು ಆ ಊರಿನವರೇ ಹೇಳಿಕೊಳ್ಳುತ್ತಾರೆ. ತಾಪಮಾನ 40 ಡಿಗ್ರಿಯನ್ನು ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಊರ ನಡುವೆ ಎದ್ದು ನಿಂತ ಏಕಶಿಲೆಯ ಗುಡ್ಡ, ಕುರುಗೋಡಿನ ಸುತ್ತ ಹರಡಿಕೊಂಡ ಬಂಡೆಗಳ ರಾಶಿ, ಸಿರುಗುಪ್ಪದ ಕಪ್ಪು ಎರೆಮಣ್ಣು, ಇವೆಲ್ಲವೂ ಹಗಲಿಡೀ ಶಾಖವನ್ನು ಹೀರಿಕೊಳ್ಳುತ್ತವೆ. ಕಲ್ಲಂತೂ ಇರುಳೆಲ್ಲ ಅದನ್ನು ಹೊರಬಿಡುತ್ತಿರುತ್ತದೆ. ಹಗಲಿನ ಬೇಗೆಗಿಂತ ಮನುಷ್ಯನನ್ನು ಹೆಚ್ಚು ಹಣಿಯುವುದು ತಣಿಯದ ರಾತ್ರಿ. ಇಡೀ ಕಲಬುರಗಿ ವಿಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿಯನ್ನು ಸರ್ಕಾರವೇ ಒಪ್ಪಿಕೊಂಡು ಬಂದಿದೆ. ಗುಮಾಸ್ತರಿಗೆ ಸಿಕ್ಕಿದ ಈ ವಿನಾಯಿತಿ ಹತ್ತಿ ಬಿಡಿಸುವವರಿಗೆ, ತಗಡಿನ ಸೂರಿನಡಿ ಜೀನ್ಸ್ ಹೊಲಿಯುವವರಿಗೆ, ಮೆಣಸಿನಕಾಯಿ ಕಣದಲ್ಲಿ ಕೂತು ತೊಟ್ಟು ಬಿಡಿಸುವ ಹೆಂಗಸರಿಗೆ ಸಿಕ್ಕಿಲ್ಲವೆಂಬುದು ಬೇರೆ ಮಾತು.

ನೀರಾಟ ಈ ನೆಲಕ್ಕೆ ಪರಕೀಯವೂ ಅಲ್ಲ. ಪ್ರಾಚೀನ ಕಾವ್ಯಲಕ್ಷಣಕಾರರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದಾಗ ಜಲಕ್ರೀಡೆಯನ್ನೂ ಅದರಲ್ಲಿ ಸೇರಿಸಿದರು. ಬಳ್ಳಾರಿಯಿಂದ ಅರುವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಹಂಪಿಯಲ್ಲಿ ರಾಣಿಯರ ಸ್ನಾನಗೃಹವಿದೆ, ಮಹಾನವಮಿ ದಿಬ್ಬದ ಬಳಿ ಕಪ್ಪುಕಲ್ಲಿನ ಮೆಟ್ಟಿಲುಗಳ ಪುಷ್ಕರಣಿ ಇದೆ, ಅದಕ್ಕೆ ನೀರು ತಂದ ಕಲ್ಲಿನ ದೋಣಿಗಾಲುವೆ ಇಂದಿಗೂ ನಿಂತಿದೆ. ಅದು ಅರಮನೆಯ ಮಾತಾಯಿತು ಎನ್ನುವುದಾದರೆ ಉತ್ತರ ಕರ್ನಾಟಕದ ಅನೇಕ ಗ್ರಾಮಗಳಲ್ಲಿ ಹನುಮಪ್ಪನ ಗುಡಿಯ ಮುಂದೆ ನಡೆಯುವ ಓಕುಳಿಯನ್ನು ನೆನೆಯಬಹುದು. ಬೇಸಿಗೆಯ ಉರಿಯಲ್ಲಿ ಗುಡಿಯೆದುರಿನ ಹೊಂಡಕ್ಕೆ ನೀರು ತುಂಬಿಸಿ ಊರಿಗೆ ಊರೇ ತೊಯ್ದು ತೊಪ್ಪೆಯಾಗುವ ಈ ಹಬ್ಬಕ್ಕೆ ಪ್ರವೇಶ ಶುಲ್ಕವಿಲ್ಲ. ನೀರನ್ನು ಹೊಂಡದವರೆಗೆ ಹೊತ್ತು ತರುವವರೂ ಆಡುವವರೂ ಒಂದೇ ಊರಿನವರು. ಬಿಡದಿಯ ಕೊಳಕ್ಕೂ ಓಕುಳಿ ಹೊಂಡಕ್ಕೂ ನಡುವಿನ ವ್ಯತ್ಯಾಸವನ್ನು ನೀರಿನ ಬಣ್ಣದಲ್ಲಿ ಹುಡುಕುವುದಕ್ಕಿಂತ ಬಾಗಿಲಲ್ಲಿ ನಿಂತವರು ಯಾರು ಎಂಬುದರಲ್ಲಿ ಹುಡುಕುವುದು ಲೇಸು.

ಪ್ರವಾಸ ಹೊರಟ ಕುಟುಂಬಗಳಿಗೆ ಬೇಡವೆನ್ನುವ ಬದಲು ಸುರಕ್ಷಿತವಾಗಿ ಹೋಗಿಬರುವ ಬಗೆಯನ್ನು ತಿಳಿಸುವುದು ಉಪಯುಕ್ತ. ಈ ಮಾತು ಬಳ್ಳಾರಿಯ ಮಕ್ಕಳಿಗಿಂತ ಮಲೆನಾಡಿನ ಮಕ್ಕಳಿಗೆ ಹೆಚ್ಚು ಅನ್ವಯಿಸುತ್ತದೆ ಎಂಬುದು ಹಲವರಿಗೆ ಆಶ್ಚರ್ಯ ತರಬಹುದು. ಮಾನವ ಶರೀರ ಬಿಸಿಲಿಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ತೆಗೆದುಕೊಳ್ಳುತ್ತದೆ. ಈ ಅವಧಿಯಲ್ಲಿ ಬೆವರು ಬೇಗ ಮತ್ತು ಹೆಚ್ಚು ಸುರಿಯತೊಡಗುತ್ತದೆ, ಬೆವರಿನ ಮೂಲಕ ಹೋಗುವ ಉಪ್ಪಿನ ಅಂಶ ಕಡಿಮೆಯಾಗುತ್ತದೆ, ಹೃದಯದ ಶ್ರಮ ಇಳಿಯುತ್ತದೆ. ಕುರುಗೋಡಿನ ಹುಡುಗ ಮಾರ್ಚ್ ತಿಂಗಳಲ್ಲೇ ಈ ಹದಕ್ಕೆ ಬಂದಿರುತ್ತಾನೆ. ಕೊಪ್ಪ ಅಥವಾ ಶೃಂಗೇರಿಯ ಕಡೆಯಿಂದ ಬಯಲುಸೀಮೆಯ ಉದ್ಯಾನಕ್ಕೆ ಏಪ್ರಿಲ್‌ನಲ್ಲಿ ಹಠಾತ್ತನೆ ಹೋಗಿ ಇಳಿಯುವ ಮಗುವಿಗೆ ಆ ಸಿದ್ಧತೆ ಇರುವುದಿಲ್ಲ.

ನೀರಿನಲ್ಲಿ ಆಡುವವರಿಗೆ ಬಿಸಿಲಿನ ಭಯವೇಕೆ ಎಂಬ ಪ್ರಶ್ನೆ ಸಹಜ. ಅಪಾಯ ಅಡಗಿರುವುದೂ ಅಲ್ಲಿಯೇ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ಣವಾಗಿ ಆವಿಯಾದರೆ ಅದು ಶರೀರದಿಂದ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಬಳ್ಳಾರಿಯಂತಹ ಒಣಹವೆಯಲ್ಲಿ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುವುದರಿಂದ ತಾನು ಎಷ್ಟು ನೀರು ಕಳೆದುಕೊಂಡೆ ಎಂಬುದು ಮನುಷ್ಯನಿಗೆ ತಿಳಿಯುವುದೇ ಇಲ್ಲ. ಕೊಳದಲ್ಲಿರುವಾಗ ಮೈಯೆಲ್ಲ ತೇವವಾಗಿರುವುದರಿಂದ ಅದೇ ಮರೆವು ಇನ್ನೊಂದು ರೀತಿಯಲ್ಲಿ ಉಂಟಾಗುತ್ತದೆ, ಬಾಯಾರಿಕೆಯೂ ಮರೆತುಹೋಗುತ್ತದೆ. ತೊಯ್ದ ಬೆನ್ನಿನ ಮೇಲೆ ಬೀಳುವ ಅತಿನೇರಳೆ ಕಿರಣ ತೇವವನ್ನು ಲೆಕ್ಕಿಸುವುದಿಲ್ಲ. ಅದಕ್ಕೂ ಮಿಗಿಲಾಗಿ, ಇಂತಹ ಉದ್ಯಾನದಲ್ಲಿ ದಿನದ ಬಹುಪಾಲು ಕಳೆಯುವುದು ನೀರಿನಲ್ಲಲ್ಲ, ಸರತಿ ಸಾಲಿನಲ್ಲಿ. ಕಾದ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ನಿಂತ ಮಗು ಬಿಸಿಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಪಡೆಯುತ್ತದೆ. ಎತ್ತರ ಕಡಿಮೆಯಾದಷ್ಟೂ ನೆಲದ ಝಳ ಮುಖಕ್ಕೆ ಹತ್ತಿರ.

ಸಿರುಗುಪ್ಪದ ಯಾವ ರೈತನನ್ನು ಕೇಳಿದರೂ ಭತ್ತ ಹೂ ಬಿಡುವ ಹೊತ್ತು ಯಾವುದೆಂದು ಹೇಳುತ್ತಾನೆ. ಬೆಳಗಿನ ಒಂಬತ್ತರಿಂದ ಮಧ್ಯಾಹ್ನದೊಳಗೆ ಭತ್ತದ ಹೂ ಅರಳಿ, ಪರಾಗಸ್ಪರ್ಶ ಮುಗಿಸಿ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ತಾಪಮಾನ 35 ಡಿಗ್ರಿಯನ್ನು ಮೀರಿದರೆ ಪರಾಗ ಸತ್ತು ಕಾಳು ಜೊಳ್ಳಾಗುತ್ತದೆ. ಹುಲ್ಲಿನ ಜಾತಿಯ ಗಿಡಕ್ಕೆ ಇರುವ ಈ ವಿವೇಕ ಪ್ರವಾಸಿಗರಿಗೂ ಇದ್ದರೆ ಸಾಕು. ಬಾಗಿಲು ತೆರೆಯುತ್ತಲೇ ಒಳಗೆ ಹೋಗಿ ಬಯಲಿನ ಆಟಗಳನ್ನೆಲ್ಲ ಹನ್ನೊಂದೂವರೆಯೊಳಗೆ ಮುಗಿಸಬೇಕು. ಹನ್ನೆರಡರಿಂದ ಮೂರೂವರೆಯವರೆಗೆ ಸೂರಿನಡಿ ಇರಬೇಕು, ಊಟ, ವಿಶ್ರಾಂತಿ, ಒಳಾಂಗಣದ ಆಟಗಳು ಆ ಹೊತ್ತಿಗೆ. ಕೊಟ್ಟ ಹಣ ದಕ್ಕಲಿಲ್ಲವೆಂಬ ಚಿಂತೆಯೇ ನಡುಮಧ್ಯಾಹ್ನ ಮಕ್ಕಳನ್ನು ಬಿಸಿಲಿಗೆ ತಳ್ಳುವ ಮುಖ್ಯ ಕಾರಣ. ಇದನ್ನು ಹಿರಿಯರು ಒಪ್ಪಿಕೊಂಡರೆ ಅರ್ಧ ಅಪಾಯ ಕಳೆದಂತೆ. ಬಾಯಾರಲಿ ಬಾರದಿರಲಿ ಅರ್ಧ ಗಂಟೆಗೊಮ್ಮೆ ಮಗುವಿಗೆ ನೀರು ಕುಡಿಸಬೇಕು. ಬಣ್ಣದ ಸೋಡಾ ಪಾನೀಯ ಅದಕ್ಕೆ ಬದಲಿಯಾಗದು. ಉಪ್ಪು ಹಾಕಿದ ನೀರುಮಜ್ಜಿಗೆ ಉತ್ತಮ. ಅದು ಸಿಗದಿದ್ದರೆ ಔಷಧ ಅಂಗಡಿಯ ಓಆರ್‌ಎಸ್ ಪೊಟ್ಟಣ, ಅದೂ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು. ಹತ್ತಿಯ ತೆಳು ಅಂಗಿ, ತಲೆಗೆ ಟೋಪಿ ಅಥವಾ ಬಳ್ಳಾರಿಯ ಹಿರಿಯರಂತೆ ಒದ್ದೆ ಟವೆಲು, ಕಾಲಿಗೆ ರಬ್ಬರ್ ಚಪ್ಪಲಿ. ಕೈಗೂಸುಗಳನ್ನು ಕರೆದೊಯ್ಯುವ ಸ್ಥಳ ಇದಲ್ಲ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ವೃದ್ಧರು ಹೊರಡುವ ಮುನ್ನ ವೈದ್ಯರನ್ನು ಕೇಳಬೇಕು. ತಲೆನೋವು, ವಾಕರಿಕೆ, ಕಾಲು ಸೆಳೆತ ಕಂಡರೆ ಆಟ ಅಲ್ಲಿಗೇ ನಿಲ್ಲಬೇಕು. ಮಾತು ತೊದಲಿದರೆ, ಮಗು ಗೊಂದಲಗೊಂಡಂತೆ ವರ್ತಿಸಿದರೆ ಅದು ಉಷ್ಣಾಘಾತವಿರಬಹುದು. ಆಗ ಒಂದು ನಿಮಿಷವನ್ನೂ ಕಳೆಯದೆ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಇನ್ನು ನೀರಿನ ಲೆಕ್ಕ. ಜಲೋದ್ಯಾನಗಳೆಂದರೆ ನೀರಿನ ದುಂದು ಎಂಬ ಆರೋಪ ಪರಿಸರ ಸಭೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಆರೋಪಿಸುವ ಮುನ್ನ ಕಾಗದ ಪೆನ್ಸಿಲು ಹಿಡಿಯುವುದು ಒಳ್ಳೆಯದು. ಕಡುಬೇಸಿಗೆಯಲ್ಲಿ ತೆರೆದ ನೀರಿನಿಂದ ದಿನಕ್ಕೆ 8 ಮಿಲಿಮೀಟರ್ ಆವಿಯಾಗುತ್ತದೆಂದು ಇಟ್ಟುಕೊಂಡರೆ ಒಂದು ಎಕರೆ ವಿಸ್ತಾರದ ಕೊಳ ದಿನವೊಂದಕ್ಕೆ ಸುಮಾರು 32,000 ಲೀಟರ್ ಕಳೆದುಕೊಳ್ಳುತ್ತದೆ. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದ ಪ್ರಕಾರ ಇದು ಸುಮಾರು 240 ಮಂದಿಯ ಪಾಲು. ಹಲವು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಕಾಣುವ ಬಳ್ಳಾರಿಯ ಬಡಾವಣೆಯ ಹೆಂಗಸಿಗೆ ಈ ಸಂಖ್ಯೆ ಕಡಿಮೆಯದೇನೂ ಅಲ್ಲ. ಆದರೆ ಅದೇ ಕೊಳ ಇದೇ ದರದಲ್ಲಿ ಐದು ತಿಂಗಳಲ್ಲಿ ಕಳೆದುಕೊಳ್ಳುವ ನೀರಿನ ಆಳ 1,200 ಮಿಲಿಮೀಟರ್, ಅಂದರೆ ಒಂದು ಭತ್ತದ ಬೆಳೆ ಬೇಡುವಷ್ಟೇ ನೀರು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಗದ್ದೆಗಳಿರುವುದು ಒಂದೆರಡು ಎಕರೆಯಲ್ಲಲ್ಲ, ಲಕ್ಷಗಟ್ಟಲೆ ಎಕರೆಯಲ್ಲಿ. ಲಘು ನೀರಾವರಿ ಬೆಳೆಗಳಿಗೆಂದು ಯೋಜಿಸಿದ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿ, ಕೊನೆಯ ಭಾಗದ ರೈತರು ನೀರಿಗಾಗಿ ತೂಬಿನ ಬಳಿ ಕಾವಲು ಕೂರುವುದು, ಜೌಗು ಮತ್ತು ಚೌಳಿನಿಂದ ಒಳ್ಳೆಯ ಎರೆಹೊಲಗಳು ಕೆಡುವುದು, ಇವು ಯಾವ ಜಾರುಬಂಡೆಗಿಂತಲೂ ದೊಡ್ಡ ಪ್ರಶ್ನೆಗಳು. ಮಕ್ಕಳ ನೀರಾಟವನ್ನು ಖಂಡಿಸಿ ಇವುಗಳ ಬಗ್ಗೆ ಮೌನ ವಹಿಸುವುದು ಸುಲಭದ ಪರಿಸರವಾದ.

ಹಾಗಾದರೆ ಆಕ್ಷೇಪವೇ ಇಲ್ಲವೆ? ಇದೆ. ನೆರಳು ಮತ್ತು ತಂಪು ಊರಿನ ಸಾರ್ವಜನಿಕ ಸ್ವತ್ತಾಗಿದ್ದುದು ಟಿಕೆಟ್ಟಿನ ಸರಕಾಗಿ ಮಾರ್ಪಡುತ್ತಿರುವುದು ನಿಜವಾದ ಆತಂಕ. ದಪ್ಪ ಮಣ್ಣಿನ ಮಾಳಿಗೆಯ ಮನೆ ಬಿಸಿಲನ್ನು ಹೊರಗೇ ತಡೆಯುತ್ತಿತ್ತು. ಸಂಜೆ ನೀರು ಚಿಮುಕಿಸಿದ ಮಾಳಿಗೆಯ ಮೇಲೆ ಮನೆಮಂದಿ ಮಲಗುತ್ತಿದ್ದರು. ಇಂದು ಅದರ ಜಾಗದಲ್ಲಿ ತೆಳುವಾದ ಸಿಮೆಂಟ್ ತಾರಸಿ ಅಥವಾ ತಗಡು ಬಂದಿದೆ. ರಸ್ತೆ ಅಗಲವಾದಂತೆಲ್ಲ ಅಂಚಿನ ಬೇವು, ಹೊಂಗೆ, ಹುಣಸೆ ಉರುಳಿವೆ. ಸಂಡೂರಿನ ಬೆಟ್ಟಗಳನ್ನು ಗಣಿಗಾರಿಕೆ ಎಷ್ಟು ಬೋಳಿಸಿತೆಂಬುದನ್ನು ಲೋಕಾಯುಕ್ತ ವರದಿಯೂ, ಸಮಾಜ ಪರಿವರ್ತನಾ ಸಮುದಾಯದ ಅರ್ಜಿಯ ಮೇಲೆ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದ ಸರ್ವೋಚ್ಚ ನ್ಯಾಯಾಲಯದ ಆದೇಶವೂ ದಾಖಲಿಸಿವೆ. ಬಳ್ಳಾರಿಯ ಪಕ್ಕದ ಕುಡತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರ ಕಲ್ಲಿದ್ದಲು ಸುಟ್ಟು ರಾಜ್ಯದ ವಿದ್ಯುಜ್ಜಾಲವನ್ನು ತುಂಬುತ್ತದೆ. ದೂರದ ಕೊಳಗಳ ಪಂಪುಗಳೂ ಅದೇ ಜಾಲದಿಂದ ನಡೆಯುತ್ತವೆ. ಬಿಸಿ ಇಲ್ಲಿ ಉಳಿಯುತ್ತದೆ, ತಂಪು ಅಲ್ಲಿ ಮಾರಾಟವಾಗುತ್ತದೆ.

ಟಿಕೆಟ್ಟಿಗೆ ಹಣವಿಲ್ಲದ ಮಕ್ಕಳು ಬೇಸಿಗೆಯಲ್ಲಿ ಎಲ್ಲಿ ಈಜುತ್ತಾರೆ? ಈ ಪ್ರಶ್ನೆಯನ್ನು ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಯಾವ ಅಧಿಕಾರಿಯೂ ಕೇಳಿಕೊಳ್ಳುವಂತೆ ಕಾಣುವುದಿಲ್ಲ. ಉತ್ತರ ಎಲ್ಲರಿಗೂ ಗೊತ್ತು. ಕಾಲುವೆಯಲ್ಲಿ, ಕಾಲುವೆ ಬತ್ತಿದರೆ ನದಿಯ ಮಡುವಿನಲ್ಲಿ, ಅದೂ ಇಲ್ಲದಿದ್ದರೆ ಕಲ್ಲು ಕ್ವಾರಿಯ ಹೊಂಡದಲ್ಲಿ. ಕಾಲುವೆಯ ಸಿಮೆಂಟಿನ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ, ಒಮ್ಮೆ ಇಳಿದವನಿಗೆ ಹಿಡಿದು ಮೇಲೇರಲು ಏನೂ ಸಿಗುವುದಿಲ್ಲ. ಮರಳು ತೆಗೆದ ನದಿಪಾತ್ರದಲ್ಲಿ ಮೊಣಕಾಲುದ್ದದ ನೀರು ಒಂದು ಹೆಜ್ಜೆಯಲ್ಲಿ ಆಳಮಡುವಾಗುತ್ತದೆ. ಕ್ವಾರಿ ಹೊಂಡಕ್ಕೆ ದಂಡೆಯೆಂಬುದೇ ಇಲ್ಲ, ನೇರ ಗೋಡೆ. ಪ್ರತಿ ಬೇಸಿಗೆಯಲ್ಲೂ ಪತ್ರಿಕೆಗಳ ಜಿಲ್ಲಾ ಪುಟದ ಮೂಲೆಯಲ್ಲಿ ಈಜಲು ಹೋಗಿ ಮುಳುಗಿದ ಬಾಲಕರ ಸುದ್ದಿ ನಾಲ್ಕು ಸಾಲುಗಳಲ್ಲಿ ಬಂದು ಹೋಗುತ್ತದೆ. ಅದರ ಮಗ್ಗುಲಲ್ಲೇ ರಜೆಯ ರಿಯಾಯಿತಿ ದರದ ಜಾಹೀರಾತು ಇರುತ್ತದೆ.

ಆದ್ದರಿಂದ ಕೇಳಬೇಕಾದುದು ಉದ್ಯಾನಗಳ ನಿಷೇಧವನ್ನಲ್ಲ. ತಾಲ್ಲೂಕು ಕೇಂದ್ರಕ್ಕೊಂದು ಸಾರ್ವಜನಿಕ ಈಜುಕೊಳ ಬೇಕು, ಅದಕ್ಕೆ ಮೇಲೊಂದು ನೆರಳಿನ ಚಪ್ಪರ, ಇಬ್ಬರು ತರಬೇತಿ ಪಡೆದ ಕಾವಲುಗಾರರು, ಬಾಲಕಿಯರಿಗೆ ಪ್ರತ್ಯೇಕ ಸಮಯ ಬೇಕು. ಒಂದು ಎಕರೆ ಬೇಡ, ಐದು ಗುಂಟೆ ಸಾಕು. ಅದರ ಆವಿಯ ನಷ್ಟ ಮೇಲಿನ ಲೆಕ್ಕದ ಎಂಟನೆಯ ಒಂದು ಪಾಲು, ದಿನಕ್ಕೆ ಸುಮಾರು 4,000 ಲೀಟರ್. ಸೋಸಿ ಮರುಬಳಸಿದ ನೀರು ಕೊನೆಗೆ ಬೇವಿನ ಸಾಲಿಗೆ ಹರಿಯಬಹುದು, ಆದರೆ ಕ್ಲೋರಿನ್ ಹಾರಿಹೋಗಲು ಒಂದೆರಡು ದಿನ ಬಿಸಿಲಿಗೆ ತೆರೆದಿಟ್ಟ ಬಳಿಕ. ಕುರುಗೋಡು 2018ರಲ್ಲಿ ತಾಲ್ಲೂಕಾಯಿತು. ಹೊಸ ತಾಲ್ಲೂಕಿಗೆ ಕಚೇರಿ ಕಟ್ಟಡಗಳು ಬೇಕೆಂಬ ಬೇಡಿಕೆಯ ಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಇರಬೇಕು. ಸಿಂದರ ಕಾಲದ ಗುಡಿಗಳೂ ದೊಡ್ಡಬಸವೇಶ್ವರನ ಸನ್ನಿಧಿಯೂ ಇರುವ ಊರಿಗೆ ನೀರನ್ನು ಕಟ್ಟಿ ನಿಲ್ಲಿಸುವ ವಿದ್ಯೆ ಹೊಸದಲ್ಲ. ಸಿರುಗುಪ್ಪಕ್ಕಂತೂ ವಿಜಯನಗರ ಕಾಲದ ಅಣೆಕಟ್ಟು ಕಾಲುವೆಯ ಪರಂಪರೆಯೇ ಇದೆ. ಇನ್ನೊಂದು ಕೆಲಸ ಇನ್ನೂ ಅಗ್ಗದ್ದು. 2010ರ ಮೇ ತಿಂಗಳ ಭೀಕರ ತಾಪದ ನಂತರ ಅಹಮದಾಬಾದ್ ನಗರ 2013ರಲ್ಲಿ ಶಾಖ ನಿರ್ವಹಣಾ ಯೋಜನೆಯೊಂದನ್ನು ರೂಪಿಸಿತು. ಮುನ್ಸೂಚನೆ ಬಂದೊಡನೆ ಜನರಿಗೆ ಎಚ್ಚರಿಕೆ, ಆಸ್ಪತ್ರೆಗಳ ಸಿದ್ಧತೆ, ಕುಡಿಯುವ ನೀರಿನ ಕೇಂದ್ರಗಳು, ಬಡವರ ಸೂರುಗಳಿಗೆ ಬಿಳಿ ಬಣ್ಣ, ಇವು ಅದರ ಅಂಗಗಳು. ಬಳ್ಳಾರಿಯ ಜೀನ್ಸ್ ಘಟಕಗಳ ತಗಡಿಗೆ ಸುಣ್ಣ ಬಳಿಯಲು ವಿದೇಶಿ ತಂತ್ರಜ್ಞಾನ ಬೇಕಿಲ್ಲ.

ಮಲೆನಾಡಿನ ಓದುಗರಿಗೆ ಇದೆಲ್ಲ ಏಕೆ ಎಂಬ ಸಂದೇಹ ಬರಬಹುದು. ಬಳ್ಳಾರಿಯ ನಲ್ಲಿಯಲ್ಲಿ ಬರುವ ನೀರು ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆಯರದು. ಅವು ಕೂಡ್ಲಿಯಲ್ಲಿ ಕೂಡಿ, ಹೊಸಪೇಟೆಯ ಜಲಾಶಯದಲ್ಲಿ ನಿಂತು, ಕಾಲುವೆಗಳಲ್ಲಿ ಹರಿದು, ಅಲ್ಲೀಪುರ ಮತ್ತು ಮೋಕಾದ ಕೆರೆಗಳಲ್ಲಿ ಬೇಸಿಗೆಗಾಗಿ ಸಂಗ್ರಹವಾಗುತ್ತವೆ. 133 ಟಿಎಂಸಿ ಹಿಡಿಯಲೆಂದು ಕಟ್ಟಿದ ಜಲಾಶಯ 2016ರ ಸಮೀಕ್ಷೆಯ ವೇಳೆಗೆ 105.79 ಟಿಎಂಸಿಗೆ ಇಳಿದಿತ್ತು. ಉಳಿದ ಜಾಗವನ್ನು ತುಂಬಿದ್ದು ಹೂಳು. ಆ ಹೂಳಿನಲ್ಲಿ ಘಟ್ಟದ ಮಣ್ಣಿನ ಪಾಲೂ ಇದೆ. 2005ರ ಕೊನೆಯ ದಿನ ಕುದುರೆಮುಖದ ಗಣಿ ಮುಚ್ಚಿದಾಗ ಭದ್ರೆ ಉಳಿಯಿತೆಂದು ಸಂಭ್ರಮಿಸಿದ ಮಲೆನಾಡಿಗರು, ಆ ಹೋರಾಟ ಬಳ್ಳಾರಿಯ ಬೇಸಿಗೆಗೂ ಸಂಬಂಧಿಸಿತ್ತೆಂಬುದನ್ನು ಅಷ್ಟಾಗಿ ಹೇಳಿಕೊಳ್ಳಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಘಟ್ಟದಲ್ಲಿ ಸುರಿದ ಮಳೆ ಯಾರದ್ದೆಂಬುದು ಒಂದು ವಾರದ ಮಟ್ಟಿಗೆ ಎಲ್ಲರ ನೆನಪಿಗೆ ಬಂತು.

ಬಯಲುಸೀಮೆಯ ಕಾರುಗಳು ಈಗ ಬಿಡದಿಯನ್ನು ದಾಟಿ ಘಟ್ಟವನ್ನೇ ಹತ್ತುತ್ತಿವೆ. ಬಂದವರನ್ನು ದೂರುವುದು ನ್ಯಾಯವಲ್ಲ, ನೆರಳನ್ನು ಅರಸಿ ಬಂದವರು ಅವರು. ಅವರಿಗಾಗಿ ಹಳ್ಳದ ದಂಡೆಯಲ್ಲಿ ಕೊಳ, ಕೊಳದ ಪಕ್ಕ ಜಾರುಬಂಡೆ, ಅದಕ್ಕಾಗಿ ಕಾಫಿ ತೋಟದ ನೆರಳುಮರಗಳ ಕಡಿತ ಎಂದು ಸಾಗುತ್ತಿರುವ ಯೋಜನೆಗಳನ್ನು ಒಪ್ಪುವುದು ಬಿಡುವುದು ಗ್ರಾಮಸಭೆಯ ಕೈಯಲ್ಲಿದೆ. ನಿರಾಕ್ಷೇಪಣಾ ಪತ್ರ ಕೇಳಿ ಬಂದವರಿಗೆ ಗ್ರಾಮಸ್ಥರು ಕೇಳಬಹುದಾದ ಪ್ರಶ್ನೆಗಳು ಸರಳ. ನೀರು ಯಾವ ಹಳ್ಳದ್ದು, ಏಪ್ರಿಲ್‌ನಲ್ಲಿ ಆ ಹಳ್ಳದಲ್ಲಿ ಎಷ್ಟು ಹರಿಯುತ್ತದೆ, ಕ್ಲೋರಿನ್ ಬೆರೆತ ನೀರು ಕೆಳಗಿನ ಯಾರ ಗದ್ದೆಗೆ ಇಳಿಯುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರವನ್ನು ಬಂದವರಿಂದ ಪಡೆಯಬೇಕಾಗಿಯೂ ಇಲ್ಲ. ಊರಿನ ಪ್ರೌಢಶಾಲೆಯ ವಿದ್ಯಾರ್ಥಿಗಳು ಒಂದು ಬಕೆಟ್ಟು ಮತ್ತು ಒಂದು ಗಡಿಯಾರ ಹಿಡಿದು, ಹಳ್ಳದ ನೀರನ್ನು ಅಡಿಕೆ ದೋಣಿಯೊಂದರಲ್ಲಿ ಒಟ್ಟುಗೂಡಿಸಿ ಅಳೆಯಬಹುದು. 20 ಲೀಟರಿನ ಬಕೆಟ್ಟು 40 ಸೆಕೆಂಡಿನಲ್ಲಿ ತುಂಬಿದರೆ ಆ ಹಳ್ಳದ ಇಡೀ ದಿನದ ಹರಿವು 43,200 ಲೀಟರ್. ಒಂದು ಎಕರೆ ಕೊಳದ ಆವಿಗೆ ಅದರಲ್ಲಿ ಮುಕ್ಕಾಲು ಪಾಲು ಹೋಗುತ್ತದೆ. ಅಳತೆಯನ್ನು ಮಾರ್ಚ್‌ನಿಂದ ಮೇವರೆಗೆ ವಾರಕ್ಕೊಮ್ಮೆ ಮಾಡಿ, ದಿನಾಂಕ ಸಹಿತ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಬೇಕು.